ಹೆಸರಿಗೂ ಮುಂಚಿನ ಹರಳು: ರತ್ನಪುರದಲ್ಲಿ ಒಂದು ವಾರ

ಮೊದಲ ದಿನ

ಕೊಳಂಬೊದಿಂದ ರತ್ನಪುರಕ್ಕೆ ಸುಮಾರು ನೂರು ಕಿಲೊಮೀಟರ್. ಅವಿಸ್ಸಾವೇಲ್ಲ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ರಬ್ಬರ್ ತೋಟ, ನಡುನಡುವೆ ಗದ್ದೆ, ಎಲ್ಲದರ ಮೇಲೂ ಮಳೆ. ಬಸ್ಸಿನ ಕಿಟಕಿ ಮುಚ್ಚಿಕೊಂಡು, ಮಡಿಲಲ್ಲಿದ್ದ ಚೀಲದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದೇ ಹರಳಿನ ಎರಡು ಬಣ್ಣಗಳನ್ನು ಬೇರೆ ಮಾಡಿ ತೋರಿಸುವ ಬೆರಳುದ್ದದ ಡೈಕ್ರೋಸ್ಕೋಪ್, ಒಂದು ಚಿಮುಟ, ಸಣ್ಣ ಟಾರ್ಚು, ಬಿಳಿ ಕಾಗದದ ಕಟ್ಟು. ಚೀಲದಲ್ಲಿ ಇದ್ದದ್ದು ಇಷ್ಟೇ.

ರತ್ನಶಾಸ್ತ್ರದ ತರಗತಿ ಮುಗಿಸಿ ಆರು ತಿಂಗಳಾಗಿತ್ತು. ಅಲ್ಲಿ ಹರಳುಗಳು ಬರುತ್ತಿದ್ದದ್ದು ಪುಟ್ಟ ಡಬ್ಬಿಗಳಲ್ಲಿ, ಮೇಲೊಂದು ಸಂಖ್ಯೆ ಅಂಟಿಸಿಕೊಂಡು. ಹದಿನೇಳನೆಯದು ಏನು ಎಂದು ನಾವು ಬರೆದುಕೊಡಬೇಕು, ಸರಿಯುತ್ತರ ಗುರುಗಳ ಮೇಜಿನ ಖಾನೆಯಲ್ಲಿ. ಉತ್ತರ ಎಲ್ಲೋ ಒಂದು ಕಡೆ ಇದ್ದೇ ಇದೆ ಎಂಬ ಧೈರ್ಯದಲ್ಲಿ ಕಲಿತ ವಿದ್ಯೆ ಅದು. ಯಾರೂ ಇನ್ನೂ ಹೆಸರಿಡದ ಕಲ್ಲನ್ನು ನೋಡಬೇಕು, ಅದಕ್ಕೆ ಹೆಸರು ಹೇಗೆ ಬರುತ್ತದೆ ಎಂದು ತಿಳಿಯಬೇಕು ಎನಿಸಿಯೇ ಈ ಊರಿಗೆ ಹೊರಟೆ.

ಸಂಜೆ ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದವರು ಪರಿಚಿತರ ಪರಿಚಿತರು, ಮೂರು ತಲೆಮಾರಿನಿಂದ ಹರಳು ವ್ಯಾಪಾರ ಮಾಡಿಕೊಂಡು ಬಂದ ಮನೆಯವರು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಸಿಂಹಳ. ನನ್ನ ಅರೆಬರೆ ತಮಿಳು ಕೇಳಿ ನಕ್ಕು, "ಬಾ ತಂಗಚ್ಚಿ" ಎಂದರು. ಅವರ ಸಮುದಾಯದಲ್ಲಿ ಅಣ್ಣನಿಗೆ ನಾನಾ ಎನ್ನುತ್ತಾರೆ. ಆ ಕ್ಷಣದಿಂದ ನನಗೂ ಅವರು ನಾನಾ.

ಎರಡನೇ ದಿನ

ಗುಂಡಿ ಇದ್ದದ್ದು ಗದ್ದೆಯ ನಡುವೆ. ಗಣಿ ಎಂದರೆ ನನ್ನ ತಲೆಯಲ್ಲಿ ಬೆಟ್ಟ, ಬಂಡೆ, ಸಿಡಿಮದ್ದು. ಇಲ್ಲಿ ಹಸಿರು ಪೈರಿನ ಮಧ್ಯೆ ಹುಲ್ಲು ಹೊದಿಸಿದ ಒಂದು ಚಪ್ಪರ, ಅದರ ಕೆಳಗೆ ಚೌಕಾಕಾರದ ಬಾವಿ. ಒಳಗೋಡೆಗೆ ಉದ್ದಕ್ಕೂ ಮರದ ದಿಮ್ಮಿಗಳನ್ನು ಅಡ್ಡಡ್ಡ ಕಟ್ಟಿದ್ದರು. ದಿಮ್ಮಿ ಮತ್ತು ಮಣ್ಣಿನ ಸಂದಿಯಲ್ಲಿ ಜರಿಗಿಡದ ಎಲೆಗಳನ್ನು ಒತ್ತಿ ತುಂಬಿದ್ದರು. ನೀರು ಸೋರಿ ಹೋಗಬೇಕು, ಮಣ್ಣು ಮಾತ್ರ ಜಾರಬಾರದು. ಒಂದು ಪಂಪು ಬಿಡುವಿಲ್ಲದೆ ಬಾವಿಯ ನೀರನ್ನು ಎತ್ತಿ ಗದ್ದೆಗೆ ಚೆಲ್ಲುತ್ತಿತ್ತು. ಅದು ನಿಂತರೆ ಕೆಳಗಿದ್ದವರು ಮೇಲೆ ಬರಲೇಬೇಕು.

ನನ್ನನ್ನು ಇಳಿಯಗೊಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಬಾಯಿಯ ಅಂಚಿನಲ್ಲಿ ಕೂತು ಮೂರು ಗಂಟೆ ನೋಡಿದೆ. ಹಗ್ಗದಲ್ಲಿ ಮೇಲೆ ಬರುತ್ತಿದ್ದ ಬುಟ್ಟಿಗಳಲ್ಲಿ ಮೊದಮೊದಲು ಬರೀ ಜೇಡಿ, ಆಮೇಲೆ ಮರಳು. ಅವರು ಕಾಯುತ್ತಿದ್ದದ್ದು ಇವೆರಡಕ್ಕೂ ಕೆಳಗಿರುವ ಜಲ್ಲಿಯ ಪದರಕ್ಕೆ. ಅದಕ್ಕೆ ಇಲ್ಲಿ ಇಲ್ಲಮ್ ಎನ್ನುತ್ತಾರೆ. ತೋಡುವ ಮೊದಲೇ ಅದು ಇದೆಯೇ ಎಂದು ತಿಳಿಯುವುದು ಉದ್ದನೆಯ ಉಕ್ಕಿನ ಸಲಾಕೆಯಿಂದ. ನೆಲಕ್ಕೆ ಚುಚ್ಚಿ ಇಳಿಸುತ್ತಾರೆ, ತುದಿ ಜಲ್ಲಿಗೆ ತಾಗಿದಾಗ ಕೈಗೆ ಒಂದು ಕರಕರ ಸಿಗುತ್ತದೆ. ಮೇಲೆತ್ತಿ ತುದಿಯ ಗೀರು ನೋಡುತ್ತಾರೆ. ಒಬ್ಬ ಹಿರಿಯ ಕೆಲಸಗಾರ ಸಲಾಕೆಯನ್ನು ನನ್ನ ಕೈಗೆ ಕೊಟ್ಟು ಚುಚ್ಚಿಸಿದ. ನನಗೆ ಜೇಡಿಗೂ ಜಲ್ಲಿಗೂ ವ್ಯತ್ಯಾಸ ಗೊತ್ತಾಯಿತು, ಅಷ್ಟೇ. ಅವನಿಗೆ ಜಲ್ಲಿಯಲ್ಲೇ ಒಳ್ಳೆಯದು ಯಾವುದು, ಬರಿಯದು ಯಾವುದು ಎಂದೂ ಗೊತ್ತಾಗುತ್ತಿತ್ತು.

ಗದ್ದೆಯ ಕೆಳಗೆ ನೀಲದ ಹರಳು ಯಾಕಿರಬೇಕು? ಶ್ರೀಲಂಕಾದ ನಡುನಾಡಿನ ಬಂಡೆಗಳು ಬಹಳ ಹಳೆಯವು, ನೆಲದ ಆಳದಲ್ಲಿ ಭಾರೀ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಾದವು. ಹರಳು ಹುಟ್ಟಿದ್ದು ಅಲ್ಲಿ. ಕೋಟ್ಯಂತರ ವರ್ಷ ಮಳೆ ಬೆಟ್ಟಗಳನ್ನು ಸವೆಸಿತು, ಹೊಳೆಗಳು ಪುಡಿಯನ್ನು ಹೊತ್ತು ತಂದವು. ಬೆಣಚುಕಲ್ಲಿನ ಸಾಂದ್ರತೆ 2.65, ನೀಲದ್ದು 4.00. ಹರಿವು ನಿಧಾನವಾದ ತಿರುವಿನಲ್ಲಿ ಭಾರದ್ದು ಮೊದಲು ತಳ ಸೇರುತ್ತದೆ. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಹಿಡಿಸಿತು: ಬಿರುಕಿದ್ದ ಹರಳು ದಾರಿಯಲ್ಲೇ ಒಡೆದುಹೋಗುತ್ತದೆ. ಹೊಳೆಯ ಉರುಳಾಟವನ್ನೆಲ್ಲ ತಾಳಿಕೊಂಡು ಗದ್ದೆಯವರೆಗೆ ಬಂದದ್ದು ಗಟ್ಟಿಯಾದದ್ದೇ. ಯಾವ ವ್ಯಾಪಾರಿಯೂ ಮುಟ್ಟುವ ಮೊದಲು ಒಂದು ಸಲ ಆಯ್ಕೆ ನಡೆದಿರುತ್ತದೆ.

ಕೆಲಸಗಾರರಿಗೆ ದಿನದ ಕೂಲಿ ಎಂದು ದೊಡ್ಡದಾಗಿ ಏನೂ ಇಲ್ಲ, ಊಟ ಉಂಟು, ಸಿಕ್ಕಿದ್ದರಲ್ಲಿ ಪಾಲು ಉಂಟು. ಜಮೀನಿನವನಿಗೆ ಒಂದು ಪಾಲು, ಪರವಾನಗಿ ಪಡೆದವನಿಗೆ ಒಂದು, ಪಂಪಿನ ಒಡೆಯನಿಗೆ ಒಂದು, ಇಳಿದವರೆಲ್ಲರಿಗೂ ಸೇರಿ ಒಂದು. ಲೆಕ್ಕ ಗುಂಡಿಯಿಂದ ಗುಂಡಿಗೆ ಬೇರೆ. ಪರವಾನಗಿ ಕೊಡುವುದು ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ ನೆಲವನ್ನು ಮೊದಲಿನಂತೆ ಮಾಡಬೇಕು, ಅದಕ್ಕೆಂದೇ ಮುಂಗಡ ಠೇವಣಿ ಇಡಿಸಿಕೊಳ್ಳುತ್ತಾರೆ. ಪಕ್ಕದ ಗದ್ದೆ ತೋರಿಸಿ ನಾನಾ ಹೇಳಿದರು, ಅಲ್ಲೂ ಹಿಂದೆ ಗುಂಡಿ ಇತ್ತಂತೆ. ಈಗ ಅಲ್ಲಿ ಮೊಣಕಾಲೆತ್ತರದ ಭತ್ತ ನಿಂತಿತ್ತು. ಹರಳಿನ ವಿಷಯಕ್ಕೆ ಬಂದ ನನಗೆ ಆ ದಿನದ ಅತಿ ಚೆಂದದ ನೋಟ ಅದೇ.

ಮೂರನೇ ದಿನ

ರಾಶಿ ಹಾಕಿದ್ದ ಇಲ್ಲಮ್ ಅನ್ನು ಇವತ್ತು ತೊಳೆಯುವುದು. ಸೊಂಟದವರೆಗೆ ನೀರಿನಲ್ಲಿ ನಿಂತ ನಾಲ್ವರು, ಕೈಯಲ್ಲಿ ಬಿದಿರಿನ ಆಳವಿಲ್ಲದ ಬುಟ್ಟಿ. ನಮ್ಮಲ್ಲಿ ಅಕ್ಕಿಯನ್ನು ಗಾಳಿಸಿ ಕಲ್ಲು ತೆಗೆಯುವ ಕೈಚಳಕ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬುಟ್ಟಿಯನ್ನು ಸುತ್ತಿಸಿ, ಸ್ವಲ್ಪ ವಾಲಿಸಿ, ನೀರಿಗೆ ತಾಗಿಸಿ ಎತ್ತುತ್ತಾರೆ. ಜೇಡಿ ಕರಗಿ ಹೋಗುತ್ತದೆ, ಹಗುರದ ಮರಳು ಅಂಚಿನಿಂದ ಜಾರುತ್ತದೆ, ದೊಡ್ಡ ಕಲ್ಲುಗಳನ್ನು ಕೈಯಿಂದ ಎತ್ತಿ ಎಸೆಯುತ್ತಾರೆ. ಕೊನೆಗೆ ಬುಟ್ಟಿಯ ನಡುವೆ ಹಿಡಿಯಷ್ಟು ಕಪ್ಪು, ಕೆಂಪು, ಕಂದು ಕಾಳುಗಳು.

ಆ ಬುಟ್ಟಿಗಳು ಒಂದೊಂದಾಗಿ ದಂಡೆಯಲ್ಲಿ ಕೂತ ಹಿರಿಯನ ಮುಂದೆ ಬಂದವು. ಬೆಳಕಿಗೆ ಬುಟ್ಟಿಯನ್ನು ಓರೆ ಹಿಡಿದು, ಒಂದೇ ಬೆರಳಿನಿಂದ ಪದರ ಪದರವಾಗಿ ಸರಿಸುತ್ತ ನೋಡಿದ. ಪಾಲುದಾರರೆಲ್ಲ ಸುತ್ತ ನಿಂತು ಅದೇ ಬುಟ್ಟಿಯನ್ನು ನೋಡುತ್ತಿದ್ದರು. ಅಪನಂಬಿಕೆ ಎಂದಲ್ಲ, ಎಲ್ಲರ ಕಣ್ಣೆದುರು ಆರಿಸಿದರೆ ಆಮೇಲೆ ಮಾತು ಬರುವುದಿಲ್ಲ.

ಸಿಕ್ಕಿದ್ದು: ಗಾರ್ನೆಟ್ ಕಾಳುಗಳು ಬೊಗಸೆಯಷ್ಟು, ಜಿರ್ಕಾನ್, ಚೂರುಪಾರು ಸ್ಪಿನೆಲ್, ಎರಡು ತೋರಮಲ್ಲಿ, ಹಾಲು ಬೆರೆಸಿದ ನೀರಿನಂಥ ಬಣ್ಣದ ಮೂರು ಗೇವುಡ, ಅಂದರೆ ನೀಲಿ ಬಾರದ ನೀಲದ ಕಲ್ಲು. ಕಣ್ಣು ಕುಕ್ಕುವಂಥದ್ದು ಒಂದೂ ಇಲ್ಲ. ಹೊಳೆಯುವುದೂ ಇಲ್ಲ. ಹೊಳೆಯ ಉಜ್ಜಾಟದಲ್ಲಿ ಮೈ ಮಂಜಾಗಿ, ಬೀದಿಯಲ್ಲಿ ಬಿದ್ದಿದ್ದರೆ ನಾನು ಬಗ್ಗಿ ನೋಡದಂಥ ಕಲ್ಲುಗಳು. ಒಂದನ್ನು ಒದ್ದೆ ಮಾಡಿ ಆಕಾಶಕ್ಕೆ ಹಿಡಿದ ಮೇಲೇ ಒಳಗಿನ ಬಣ್ಣ ಕಂಡಿತು. ನೀರಿನ ಪೊರೆ ಒರಟು ಮೈಯನ್ನು ಒಂದು ಗಳಿಗೆ ಸಮ ಮಾಡುತ್ತದೆ, ಬೆಳಕು ಒಳಗೆ ಹೋಗಿ ಬರುತ್ತದೆ. ಆರಿದೊಡನೆ ಮತ್ತೆ ಕಲ್ಲು.

ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳುತ್ತಾ ಹೋದೆ. ಹರಳಿಗೆ ಮೆಣಿಕ್, ನೀಲಕ್ಕೆ ನಿಲ್ ಮೆಣಿಕ್, ಬೆಕ್ಕಿನ ಕಣ್ಣಿಗೆ ವೈರೋಡಿ. ನಮ್ಮ ಮಾಣಿಕ್ಯ, ನೀಲ, ವೈಡೂರ್ಯ. ಆದರೆ ನಮ್ಮಲ್ಲಿ ಮಾಣಿಕ್ಯ ಎಂದರೆ ಕೆಂಪು ಮಾತ್ರ, ಇಲ್ಲಿ ಎಲ್ಲ ಹರಳೂ ಮಾಣಿಕ್ಯವೇ. ಪ್ರಪಂಚದ ಹಲವು ಭಾಷೆಗಳಿಗೆ ಹೋದ ಟೂರ್ಮಲಿನ್ ಎಂಬ ಮಾತಿನ ಬೇರು ಇಲ್ಲಿಯ ತೋರಮಲ್ಲಿ. ಕಮಲದ ಬಣ್ಣದ, ಗುಲಾಬಿಗೂ ಕಿತ್ತಳೆಗೂ ನಡುವಿನ ಅಪರೂಪದ ಕುರುಂದಕ್ಕೆ (ನೀಲ, ಕೆಂಪು ಮಾಣಿಕ್ಯ ಎರಡೂ ಇದೇ ಖನಿಜ) ಲೋಕವೆಲ್ಲ ಪದ್ಪರಾದ್ಶಾ ಎನ್ನುತ್ತದೆ, ಅದು ಪದ್ಮರಾಗವೇ. ನಮ್ಮ ಹಳೆಯ ಗ್ರಂಥಗಳ ಪದ್ಮರಾಗ ಮಾತ್ರ ಅಚ್ಚ ಕೆಂಪಿನದು. ಹೆಸರು ಒಂದೇ ಆದರೂ ಕಲ್ಲು ಬೇರೆಯಾಗಬಹುದು ಎಂಬುದನ್ನು ಆ ದಿನ ಟಿಪ್ಪಣಿ ಪುಸ್ತಕದ ಮೇಲಂಚಿನಲ್ಲಿ ಬರೆದು ಅಡಿಗೆರೆ ಎಳೆದೆ.

ನಾಲ್ಕನೇ ದಿನ

ಬೆಳಗಿನ ವ್ಯಾಪಾರ ಬೀದಿಯಲ್ಲೇ. ನೂರಾರು ಜನ ನಿಂತಿದ್ದಾರೆ, ಅಂಗಡಿ ಇಲ್ಲ, ತಕ್ಕಡಿ ಇಲ್ಲ, ಫಲಕ ಇಲ್ಲ. ಅಂಗಿ ಜೇಬಿನಿಂದ ಮಡಿಸಿದ ಕಾಗದದ ಪೊಟ್ಟಣ ಹೊರಬರುತ್ತದೆ, ಬಿಚ್ಚಿಕೊಳ್ಳುತ್ತದೆ, ಅಂಗೈಯಿಂದ ಅಂಗೈಗೆ ಹೋಗುತ್ತದೆ, ಮತ್ತೆ ಮಡಿಸಿಕೊಳ್ಳುತ್ತದೆ. ನಾನಾ ನನ್ನನ್ನು ಮರದ ನೆರಳಿನಿಂದ ಈಚೆಗೆ ಎಳೆದು ನಿಲ್ಲಿಸಿದರು. ಎಲೆಯ ಕೆಳಗೆ ಹಸಿರು ಬೆಳಕು, ನೀಲಿ ಛತ್ರಿಯ ಕೆಳಗೆ ನೀಲಿ ಬೆಳಕು. ಬಯಲಿನ ಬೆಳಕಲ್ಲದೆ ಬೇರೆಲ್ಲೂ ಬಣ್ಣದ ಬಗ್ಗೆ ಬಾಯಿ ಬಿಡಬಾರದು ಎಂದರು. ಅಲೆಕ್ಸಾಂಡ್ರೈಟ್ ಇರುವ ನಾಡಿನಲ್ಲಿ ಇದು ಬರಿಯ ಜಾಗ್ರತೆಯಲ್ಲ, ಆ ಹರಳು ಹಗಲಲ್ಲಿ ಹಸಿರು, ಹಳೆಯ ಬಲ್ಬಿನ ಬೆಳಕಿನಲ್ಲಿ ಕೆಂಪು.

ಮಧ್ಯಾಹ್ನ ಅಂಗಡಿಗೆ ಬಂದು ಬಿಳಿ ಕಾಗದ ಹಾಸಿ ಅದರ ಮೇಲೆ ಏಳು ಹರಳು ಸುರಿದರು. "ಹೆಸರು ಹೇಳು ತಂಗಚ್ಚಿ."

ಕೆಂಪು ಮೂರು. ಡೈಕ್ರೋಸ್ಕೋಪಿನಲ್ಲಿ ಒಂದು ಕಲ್ಲು ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ ಎರಡು ಕೆಂಪು ತೋರಿಸಿತು, ಒಂದು ನೇರಳೆಯ ಕಡೆಗೆ, ಇನ್ನೊಂದು ಕಿತ್ತಳೆಯ ಕಡೆಗೆ. ಬೆಳಕನ್ನು ಎರಡಾಗಿ ಸೀಳುವ ಕೆಂಪು, ಅಂದರೆ ಮಾಣಿಕ್ಯ. ಉಳಿದೆರಡು ಎತ್ತ ತಿರುಗಿಸಿದರೂ ಒಂದೇ ಬಣ್ಣ. ಅವುಗಳಲ್ಲಿ ಒಂದರೊಳಗೆ ಲೂಪ್ ಹಿಡಿದಾಗ ಎಂಟು ಮುಖದ ಪುಟಾಣಿ ಹರಳುಗಳ ಸಾಲು ಕಂಡಿತು, ಸ್ಪಿನೆಲ್. ಇನ್ನೊಂದು ಗಾರ್ನೆಟ್. ಹಿಂದಿನ ಕಾಲದವರು ಇವನ್ನೆಲ್ಲ ಬಣ್ಣ ನೋಡಿ ಮಾಣಿಕ್ಯ ಎಂದೇ ಕರೆದರು. ಬ್ರಿಟಿಷ್ ರಾಜಮುಕುಟದ ಎದುರಿಗೇ ಇರುವ 'ಕಪ್ಪು ರಾಜಕುಮಾರನ ಮಾಣಿಕ್ಯ' ನಿಜದಲ್ಲಿ ಸ್ಪಿನೆಲ್. ಜೇನು ಬಣ್ಣದ ನಾಲ್ಕನೆಯದರ ಒಳಗೆ ಬಿಸಿಲಿಗೆ ಕಾದ ರಸ್ತೆಯ ಮೇಲಿನ ಗಾಳಿಯಂತೆ ಅಲೆಯಲೆಯಾದ ಕಲಕು: ಗೋಮೇಧಿಕ. ಐದನೆಯದರ ಹಿಂಬದಿಯ ಅಂಚುಗಳು ಲೂಪಿನಲ್ಲಿ ಜೋಡಿಗೆರೆಯಾಗಿ ಕಂಡವು: ಜಿರ್ಕಾನ್. ಆರನೆಯದು ಹಳದಿ ನೀಲ, ಅಂದರೆ ಪುಷ್ಯರಾಗ.

ಏಳನೆಯದು ನೀಲಿ. ನೋಡಿದ ಕೂಡಲೇ ನೀಲ ಎಂದುಬಿಟ್ಟೆ. ಬಣ್ಣ ಅಷ್ಟು ಚೆನ್ನಾಗಿತ್ತು, ಡೈಕ್ರೋಸ್ಕೋಪಿನಲ್ಲಿ ಎರಡು ಬಣ್ಣವೂ ಬಂತು.

ನಾನಾ ಏನೂ ಹೇಳಲಿಲ್ಲ. ಒಂದು ಗಾಜಿನ ಬಟ್ಟಲಿನಲ್ಲಿ ನೀರು ತಂದು, ಹರಳನ್ನು ಅದರಲ್ಲಿ ಮುಳುಗಿಸಿ, ಕೆಳಗೆ ಬಿಳಿ ಕಾಗದ ಇಟ್ಟು ನನ್ನ ಕಡೆ ತಳ್ಳಿದರು. ನಿಧಾನವಾಗಿ ತಿರುಗಿಸುತ್ತ ಹೋದಾಗ ಒಂದು ಕೋನದಲ್ಲಿ ಬಣ್ಣದ ಪಟ್ಟೆಗಳು ಕಂಡವು, ಬಿಲ್ಲಿನಂತೆ ಬಾಗಿದವು. ಭೂಮಿಯೊಳಗೆ ಬೆಳೆದ ಕುರುಂದದ ಪಟ್ಟೆಗಳು ನೇರವಾಗಿ, ಷಟ್ಕೋನದ ಅಂಚಿಗೆ ಸಮಾನಾಂತರವಾಗಿ ಓಡುತ್ತವೆ. ಬಾಗಿದ ಪಟ್ಟೆ ಬರುವುದು ಕುಲುಮೆಯಲ್ಲಿ, ಜ್ವಾಲೆಯೊಳಗೆ ಕರಗಿದ ಪುಡಿ ಹನಿಹನಿಯಾಗಿ ಬಿದ್ದು ಗಟ್ಟಿಯಾದಾಗ. ಫ್ರಾನ್ಸಿನ ಆಗಸ್ಟ್ ವೆರ್ನೂಯ್ ಈ ವಿಧಾನವನ್ನು 1902ರಲ್ಲಿ ಪ್ರಕಟಿಸಿದ. ವಸ್ತು ಅದೇ, ಅಲ್ಯೂಮಿನಿಯಂ ಆಕ್ಸೈಡ್. ವಕ್ರೀಭವನ ಸೂಚ್ಯಂಕವೂ ಅದೇ 1.76ರ ಆಸುಪಾಸು, ಸಾಂದ್ರತೆಯೂ ಅದೇ. ಅಳತೆಗಳೆಲ್ಲ ನೀಲ ಎಂದೇ ಹೇಳುತ್ತವೆ. ಹುಟ್ಟಿದ ಬಗೆ ಮಾತ್ರ ಬೇರೆ, ಆ ಗುಟ್ಟನ್ನು ಹೇಳುವುದು ಒಳಗಿನ ಗೆರೆ.

ತರಗತಿಯಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಗದ್ದೆಯ ಗುಂಡಿ ನೋಡಿ ಬಂದ ಕಣ್ಣು, ಈ ಊರಿನಲ್ಲಿರುವುದೆಲ್ಲ ಗದ್ದೆಯದೇ ಎಂದು ತೀರ್ಮಾನಿಸಿಬಿಟ್ಟಿತ್ತು. ಇಂಥವನ್ನು ಉರುಳಿಸಿ, ಮೈ ಒರಟು ಮಾಡಿ, ಕಚ್ಚಾ ಕಲ್ಲೆಂದು ಗುಂಡಿಯ ಬಳಿಯೇ ಮಾರುವವರೂ ಇದ್ದಾರೆ ಎಂದರು ನಾನಾ. "ಕಲ್ಲು ನೋಡು, ಊರು ನೋಡಬೇಡ."

ಸಂಜೆ ಹೊರಡುವಾಗ ಬೀದಿಯಲ್ಲಿ ಒಬ್ಬ ದಲ್ಲಾಳಿಯ ಪೊಟ್ಟಣದಲ್ಲಿ ಒಂದು ಪುಟ್ಟ ಕಲ್ಲು ಕಂಡೆ, ಸಾಣೆ ಹಿಡಿದದ್ದು, 0.94 ಕ್ಯಾರಟ್, ತೆಳು ನೇರಳೆ. ಕ್ಯಾರಟ್ ಎಂದರೆ ಗ್ರಾಮಿನ ಐದನೇ ಒಂದು ಭಾಗ, ಬೆರಳ ತುದಿಗೆ ಅಂಟಿಕೊಂಡು ನಿಂತಿತು. ದಲ್ಲಾಳಿ ಬಾಯಿಬಿಟ್ಟು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಹೇಳಿದ ದರವನ್ನು ಒಡೆಯನಿಗೆ ಮುಟ್ಟಿಸಿ ಬಂದ, ಎರಡನೇ ಸಲ ಹೋಗಿ ಬಂದಾಗ ಒಪ್ಪಿಗೆಯಾಯಿತು. ಡೈಕ್ರೋಸ್ಕೋಪಿನಲ್ಲಿ ಒಂದೇ ಬಣ್ಣ. ಸ್ಪಿನೆಲ್ ಇರಬೇಕು ಅನ್ನಿಸಿತು. ಪೊಟ್ಟಣದ ಮೇಲೆ ತೂಕ ಮಾತ್ರ ಬರೆದೆ.

ಐದನೇ ದಿನ

ಬೆಳಿಗ್ಗೆ ಸಾಣೆಯವರ ಮನೆ. ವಿದ್ಯುತ್ ಸಾಣೆಗಳ ಪಕ್ಕದಲ್ಲಿ ಹಳೆಯ ಕಾಲದ್ದೂ ಒಂದಿತ್ತು: ನಿಂತ ಚಕ್ರ, ಅದನ್ನು ಬಲಗೈಯ ಬಿಲ್ಲಿನಿಂದ ಹಿಂದೆ ಮುಂದೆ ತಿರುಗಿಸುವುದು, ಎಡಗೈಯಲ್ಲಿ ಹರಳು. ಸಾಣೆಗಾರ ಒಂದು ನೀಲವನ್ನು ತೋರಿಸಿದ. ಮೇಲಿನಿಂದ ಪೂರ್ತಿ ನೀಲಿ, ಪಕ್ಕದಿಂದ ನೋಡಿದರೆ ಮುಕ್ಕಾಲು ಭಾಗ ಬಿಳಿ. ಇದ್ದ ಒಂದು ಚಿಟಿಕೆ ಬಣ್ಣವನ್ನು ತಳದ ಮೊನೆಯಲ್ಲಿ ಉಳಿಸಿಕೊಂಡಿದ್ದ. ತಳದ ಮುಖಗಳು ಬೆಳಕನ್ನು ಮೇಲಕ್ಕೆ ತಿರುಗಿಸುವಾಗ ಆ ಚಿಟಿಕೆಯನ್ನು ಹಾದು ತರುತ್ತವೆ, ಹರಳಿಡೀ ನೀಲಿಯಾಗುತ್ತದೆ. ಕುರುಂದದೊಳಗೆ ಬೆಳಕು ಹಿಂತಿರುಗುವ ಎಲ್ಲೆ 34.5 ಡಿಗ್ರಿ ಎಂದು ನಾನು ಲೆಕ್ಕ ಮಾಡಿ ಹೇಳಬಲ್ಲೆ. ಎಲ್ಲಿ ಕೊರೆದರೆ ಬಣ್ಣ ಉಳಿಯುತ್ತದೆ ಎಂದು ಒರಟು ಕಲ್ಲನ್ನು ನೋಡಿಯೇ ಹೇಳಬಲ್ಲವನು ಅವನು. ಇದರಲ್ಲಿ ಯಾರ ವಿದ್ಯೆ ದೊಡ್ಡದೆಂದು ನನಗೆ ಅನುಮಾನವೇ ಉಳಿಯಲಿಲ್ಲ.

ಆಮೇಲೆ ಕುಲುಮೆ. ಆ ಹಾಲಿನ ಬಣ್ಣದ ಗೇವುಡವನ್ನು ಬಹುಕಾಲ ಇಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಅಗ್ಗಕ್ಕೆ ಕೊಂಡೊಯ್ದು, ಕಾಯಿಸಿ, ನೀಲವಾಗಿ ಮಾರಿದ ಮೇಲೆ ಊರಿಗೆ ಅದರ ಬೆಲೆ ತಿಳಿಯಿತು. ಹಾಲುಬಣ್ಣಕ್ಕೆ ಕಾರಣ ಒಳಗೆ ಹೆಣೆದುಕೊಂಡಿರುವ ರೂಟೈಲ್ ಎಂಬ ಖನಿಜದ ಕೂದಲೆಳೆಯಷ್ಟು ಸೂಜಿಗಳು, ಅವುಗಳಲ್ಲಿರುವುದು ಟೈಟೇನಿಯಂ. 1600 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಆಮ್ಲಜನಕ ಕಡಿಮೆ ಇರುವ ಗಾಳಿಯಲ್ಲಿ ಕಾಯಿಸಿದರೆ ಸೂಜಿಗಳು ಹರಳಿನೊಳಗೇ ಕರಗುತ್ತವೆ. ಆ ಟೈಟೇನಿಯಂ ಅಲ್ಲಿರುವ ಕಬ್ಬಿಣಕ್ಕೆ ಜೊತೆಯಾಗುತ್ತದೆ. ಎರಡರ ನಡುವೆ ಎಲೆಕ್ಟ್ರಾನ್ ಜಿಗಿಯುವಾಗ ಹಳದಿ, ಕೆಂಪು ಬೆಳಕು ಹೀರಿಹೋಗಿ ನೀಲಿ ಉಳಿಯುತ್ತದೆ. ನೀಲದ ನೀಲಿ ಎಂದರೆ ಇದೇ, ಗದ್ದೆಯಲ್ಲೇ ನೀಲಿಯಾಗಿ ಸಿಕ್ಕ ಹರಳಿನಲ್ಲೂ ಇದೇ.

ಹಾಗಾದರೆ ಕಾಯಿಸಿದ್ದು ಸುಳ್ಳು ನೀಲವೇ? ನಾನಾ ಹಾಗೆ ಎಣಿಸುವವರಲ್ಲ, ನಾನೂ ಅಲ್ಲ. ಅವರ ಅಂಗಡಿಯಲ್ಲಿ ಎರಡು ಪೆಟ್ಟಿಗೆ: ಸುಟ್ಟದ್ದು, ಸುಡದ್ದು. ಸುಡದ್ದರ ಬೆಲೆ ಬಹಳ ಮೇಲೆ. ಎರಡೂ ನೆಲದ್ದೇ, ಎರಡೂ ಮಾರುವಂಥದ್ದೇ. ಕೇಳದಿದ್ದರೂ ಯಾವುದು ಯಾವ ಪೆಟ್ಟಿಗೆಯದೆಂದು ಹೇಳಿಯೇ ಕೊಡಬೇಕು. ಒಮ್ಮೆ ಒಂದು ಹರಳು ತಪ್ಪು ಪೆಟ್ಟಿಗೆಗೆ ಬಿದ್ದು ಮಾರಾಟವಾಯಿತಂತೆ. ಕೊಂಡವನಿಗೆ ಗೊತ್ತೇ ಇರಲಿಲ್ಲ. ಇವರೇ ಹುಡುಕಿಕೊಂಡು ಹೋಗಿ ವ್ಯತ್ಯಾಸದ ಹಣ ಕೊಟ್ಟು ಬಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೇನೂ ಇರಲಿಲ್ಲ, ತಪ್ಪು ಪೆಟ್ಟಿಗೆಗೆ ಬಿದ್ದದ್ದರ ಬೇಸರವೇ ಇತ್ತು.

ಈಗಿನ ಕಷ್ಟ ಇನ್ನೂ ಸೂಕ್ಷ್ಮ. ಬೆರಿಲಿಯಂ ಸೇರಿಸಿ ಕಾಯಿಸಿದರೆ ಪೇಲವ ಹರಳು ಹಳದಿಯೋ ಕಿತ್ತಳೆಯೋ ಆಗುತ್ತದೆ, ಪದ್ಪರಾದ್ಶಾದ ಬಣ್ಣವೂ ಬರುತ್ತದೆ. ಅದು ಲೂಪಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ದೊಡ್ಡ ಪ್ರಯೋಗಾಲಯದ ಯಂತ್ರಗಳೇ ಬೇಕು. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯ ಲೂಪಿಗೆ ಸಿಗುತ್ತದೆ: ಒಳಗೆ ಗುಳ್ಳೆಗಳು, ತಿರುಗಿಸಿದಾಗ ಬಿರುಕಿನಲ್ಲಿ ನೀಲಿ ಮಿಂಚು.

ಆರನೇ ದಿನ

ಬೇರುವಲ. ಕೊಳಂಬೊದಿಂದ ದಕ್ಷಿಣಕ್ಕೆ ಕಡಲ ದಂಡೆಯ ಊರು, ಅದರ ಚೀನಾ ಫೋರ್ಟ್ ಎಂಬ ಭಾಗವೆಲ್ಲ ಹರಳಿನ ವ್ಯಾಪಾರ. ನಾನಾರ ನೆಂಟರ ಮನೆಯಲ್ಲಿ ಊಟ, ಓಡಾಟ, ಮತ್ತೆ ಬಸ್ಸು. ನೆನಪಿನಲ್ಲಿ ಉಳಿದದ್ದು ಒಂದೇ: ಇಲ್ಲಿಗೆ ಬರುವ ಕಚ್ಚಾ ಕಲ್ಲೆಲ್ಲ ಈ ನಾಡಿನದಲ್ಲ. 1998ರಲ್ಲಿ ಮಡಗಾಸ್ಕರಿನ ಇಲಕಾಕದಲ್ಲಿ ನೀಲ ಸಿಕ್ಕ ಮೇಲೆ ಇಲ್ಲಿಯ ವ್ಯಾಪಾರಿಗಳು ಅಲ್ಲಿಗೂ ಹೋಗಿ ಕೊಂಡು ತರುತ್ತಾರೆ. ಎರಡು ಪೊಟ್ಟಣ ಪಕ್ಕಪಕ್ಕ ಬಿಚ್ಚಿಟ್ಟರು, ನನಗೆ ಭೇದ ಕಾಣಲಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ನೆಲಗಳೆಲ್ಲ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಒಡಹುಟ್ಟಿದ ಕಲ್ಲುಗಳು, ಹೋಲದೆ ಇರುತ್ತವೆಯೇ?

ಏಳನೇ ದಿನ

ಕೊಳಂಬೊ. ವಿಮಾನ ರಾತ್ರಿಗೆ. ನನ್ನ ಜೊತೆ ಓದಿದ ಗೆಳತಿ ಇಲ್ಲೊಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಪೊಟ್ಟಣ ತೆಗೆದುಕೊಂಡು ಅಲ್ಲಿಗೆ ಹೋದೆ.

ಒಂದು ಹಳೆಯ ಸಂಗತಿ ನನ್ನನ್ನು ಕೊರೆಯುತ್ತಿತ್ತು. 1945ರಲ್ಲಿ ಡಬ್ಲಿನ್ನಿನಲ್ಲಿ ಟಾಫ್ ಎಂಬ ರತ್ನತಜ್ಞ ಹಳೆಯ ಹರಳುಗಳ ರಾಶಿಯಲ್ಲಿ ತೆಳು ನೇರಳೆಯ ಒಂದು 'ಸ್ಪಿನೆಲ್' ಕಂಡ. ಸೂಕ್ಷ್ಮದರ್ಶಕದಲ್ಲಿ ಅದರ ಹಿಂಬದಿಯ ಗೆರೆಗಳು ಎರಡೆರಡಾಗಿ ಕಂಡವು. ಸ್ಪಿನೆಲ್ ಬೆಳಕನ್ನು ಸೀಳುವುದಿಲ್ಲ. ಹೀಗೆ, ಸಾಣೆ ಹಿಡಿದು ಮುಗಿದ ಹರಳಿನಿಂದಲೇ ಒಂದು ಹೊಸ ಖನಿಜ ಗೊತ್ತಾಯಿತು, ಅವನ ಹೆಸರಿನ ಮೇಲೆ ಟಾಫೈಟ್ ಎಂದಾಯಿತು. ಆಮೇಲೆ ಅಂಥವು ಶ್ರೀಲಂಕಾದಲ್ಲೂ ಸಿಕ್ಕವು. ಇಲ್ಲಿಯ ಇನ್ನೊಂದು ಕಂದು ಕಲ್ಲನ್ನು ಬಹುಕಾಲ ಪೆರಿಡಾಟ್ ಎಂದೇ ನಂಬಿದ್ದರು, 1952ರಲ್ಲಿ ಅದು ಬೇರೆಯೇ ಖನಿಜವೆಂದು ತಿಳಿದು ಸಿಂಹಲೈಟ್ ಎಂದು ಹೆಸರಿಟ್ಟರು. ಹೆಸರಿಲ್ಲದೆ ಪೆಟ್ಟಿಗೆಗಳಲ್ಲಿ ಕೂತಿದ್ದ ಕಲ್ಲುಗಳು. ಟಾಫೈಟ್ ಬೆಳಕನ್ನು ಸೀಳುವುದು ಅತಿ ಸ್ವಲ್ಪ, ನನ್ನ ಡೈಕ್ರೋಸ್ಕೋಪಿನಲ್ಲಿ ತೆಳು ಬಣ್ಣದ ಹರಳು ಒಂದೇ ಬಣ್ಣ ತೋರಿಸಿತೆಂದರೆ ಅದು ಕೊನೆಯ ಮಾತಲ್ಲ.

ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ದ್ರವದ ಒಂದು ಬಿಂದು, ಅದರ ಮೇಲೆ ಹರಳು ಬೋರಲು. ಕಣ್ಣಿಟ್ಟೆ. ನೆರಳಿನ ಗೆರೆ 1.718ರಲ್ಲಿ ನಿಂತಿತು. ಧ್ರುವಕ ಫಿಲ್ಟರನ್ನು ನಿಧಾನವಾಗಿ ತಿರುಗಿಸಿದೆ. ಗೆರೆ ಅಲ್ಲಾಡಿದರೆ, ಎರಡಾದರೆ, ಟಾಫೈಟ್. ಹರಳನ್ನು ಸ್ವಲ್ಪ ಸರಿಸಿ ಮತ್ತೆ ನೋಡಿದೆ, ಇನ್ನೂ ಸರಿಸಿ ಮೂರನೇ ಸಲ. ಗೆಳತಿಯನ್ನು ಕರೆದು ಅವಳಿಗೂ ತೋರಿಸಿದೆ. ಗೆರೆ ಒಂದೇ, ಅಲ್ಲೇ.

ನಾನಾಗೆ ಫೋನ್ ಮಾಡಿದೆ. "ಒಂದೇ ಗೆರೆ ನಾನಾ."

"ಸರಿ. ಈಗ ಬರಿ."

ಪೊಟ್ಟಣದ ಮೇಲೆ, 0.94 ಕ್ಯಾರಟ್ ಎಂಬುದರ ಕೆಳಗೆ, ಸ್ಪಿನೆಲ್ ಎಂದು ಬರೆದು ತಾರೀಖು ಹಾಕಿದೆ.